ಮೇಜು ಹತ್ತಿದ ಅತ್ತೆ

ಇವತ್ತು ಬೆಳಿಗ್ಗೆ ನಮ್ಮತ್ತೆ ಅಡುಗೆಮನೆಯ ಮೇಜು ಹತ್ತಿ ಕೂತರು ಕಣ್ರೇ. ಅಂತಿಂಥ ಮೇಜಲ್ಲ. ಹುದಿಕೇರಿಯ ಬಿಳಿ ದೊರೆ ಎಸ್ಟೇಟ್ ಮಾರಿ ತನ್ನ ಸೀಮೆಗೆ ಹೊರಟಾಗ, ಅಲ್ಲೇ ಲೆಕ್ಕ ಬರೆಯೋ ರೈಟರ್ ಆಗಿರುವ ನಮ್ಮ ಯಜಮಾನರಿಗೆ ಕೊಟ್ಟುಹೋದದ್ದು. ಈಗ ನಮ್ಮ ಅಡುಗೆಮನೆಯಲ್ಲಿ ಒಂದು ಕಡೆ ನಮ್ಮೂರು ಶಿರಂಗಾಲದಲ್ಲಿರೋ ಥರದ ಮಣ್ಣಿನ ಒಲೆ, ಇನ್ನೊಂದು ಕಡೆ ದೊರೆಯ ಗಾಜಿನ ಬೀರು, ನಡುವೆ ಈ ಮೇಜು. ಇನ್ನುಮೇಲೆ ಬಂಗಲೆಯವರ ಹಾಗೆ ನಿಂತೇ ತರಕಾರಿ ಹೆಚ್ಚೋದು ಅಂತ ನಾನು ಹಟ ಹಿಡಿದಿದ್ದೆ.

“ನಿಂತು ಹೆಚ್ಚೋಕೆ ಇದೇನು ಮದುವೆಮನೆಯಾ?” ಅಂದರು ಅತ್ತೆ. ಸ್ಟೂಲ್ ಎಳೆದು ಮೇಜು ಹತ್ತಿದರು. ಅಲ್ಲೇ ಈಳಿಗೆಮಣೆ ಹಾಕಿಕೊಂಡು ಕುಂಬಳಕಾಯಿ ಹೆಚ್ಚತೊಡಗಿದರು. ತಲೆ ಸೌದೆಯ ಅಟ್ಟಕ್ಕೆ ತಾಗಿ ಬಿಳಿ ಕೂದಲೆಲ್ಲ ಮಸಿ.

ಅಷ್ಟರಲ್ಲಿ, ನನ್ನ ಹೊಸ ಅಡುಗೆಮನೆ ನೋಡಬೇಕು ಅಂತ ಎಸ್ಟೇಟಿನ ಹೊಸ ಒಡತಿ ಬಂದೇಬಿಟ್ಟರು!

“ಇಳೀರಿ ಅತ್ತೆ, ಮಾನ ಹೋಗುತ್ತೆ” ಅಂತ ಪಿಸುಗುಟ್ಟಿದೆ.

ಅತ್ತೆ ಇಳಿಯಲಿಲ್ಲ. ಸ್ವಲ್ಪ ಸರಿದು ಕೂತು, “ಬನ್ನಿ ತಾಯಿ, ಮೇಲೆ ಬನ್ನಿ, ಜಾಗ ಇದೆ” ಅಂದರು.

ಒಡತಿ ಮೇಜು ನೋಡಿದರು, ಸ್ಟೂಲ್ ನೋಡಿದರು. ಸೀರೆ ಸ್ವಲ್ಪ ಎತ್ತಿಹಿಡಿದು ಹತ್ತಿಯೇಬಿಟ್ಟರು. ಕಿಟಕಿಯಾಚೆ ನೋಡಿ, “ಅಯ್ಯೋ ಅಜ್ಜಿ, ತೋಟದಲ್ಲಿ ಕಾಫಿ ಹಣ್ಣು ಪಿಕಿಂಗ್ ಮಾಡೋರು ಯಾರು, ಹರಟೆ ಹೊಡೆಯೋರು ಯಾರು, ಎಲ್ಲಾ ಕಾಣುತ್ತಲ್ಲ!” ಅಂತ ಖುಷಿಪಟ್ಟರು.

ಕುಂಬಳಕಾಯಿ ಮುಗಿಸಿ ಇಬ್ಬರೂ ಕಾಫಿ ಕೇಳಿದರು. ಕೆಳಗಿನಿಂದ ಕೈಯೆತ್ತಿ ಕೊಟ್ಟೆ.

ನಿಂತು ಕೆಲಸ ಮಾಡೋ ಅಡುಗೆಮನೆ ಬೇಕು ಅಂದವಳು ನಾನೇ ತಾನೇ? ಸಿಕ್ಕಿತು. ಇಡೀ ಬೆಳಿಗ್ಗೆ ಅಲ್ಲಿ ನಿಂತಿದ್ದವಳು ನಾನೊಬ್ಬಳೇ.