ಅವ್ವ ನೀವಿದ ಎದೆ

ನನ್ನ ಎದೆಯ ಬಲಗಡೆ ಚಿಕ್ಕಂದಿನಿಂದಲೂ ಚಪ್ಪಟೆ. ಎಡಗಡೆ ಇರುವ ದಪ್ಪ ಮಾಂಸಖಂಡ ಅಲ್ಲಿಲ್ಲ. ಅಂಗಿ ಬಿಚ್ಚಿದರೆ ಪಕ್ಕೆಲುಬು ಎಣಿಸಬಹುದು. ಅದು ತನ್ನ ಕೈಯಿಂದಾದದ್ದೆಂದೇ ಅವ್ವ ನಂಬಿದ್ದಳು. ಬಾಗೂರಿನಲ್ಲಿ ನಾನು ಹುಟ್ಟಿದಾಗ ಕೂಸಿಗೆ ನೀರು ಹಾಕುವ ಮುದುಕಿ ಜ್ವರದಲ್ಲಿ ಮಲಗಿದ್ದಳಂತೆ. ಹಸಿ ಬಾಣಂತಿ ಅವ್ವನೇ ಕಾಲು ನೀಡಿ ಕೂತು, ನನ್ನನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ ಎದೆ ನೀವಿದಳಂತೆ. ಗಟ್ಟಿಯಾಗಿ ಒತ್ತಿಬಿಟ್ಟೆನೆಂಬುದು ಅವಳ ಕೊರಗು. ಆಮೇಲೆ ಹುಟ್ಟಿದ ನನ್ನ ತಂಗಿಯರಿಗೆ ಅವಳು ಒಂದು ದಿನವೂ ನೀರು ಹಾಕಲಿಲ್ಲ.

ಅರವತ್ತರ ದಶಕದಲ್ಲಿ ಮೇಷ್ಟರ ಕೆಲಸ ಸಿಕ್ಕಾಗ, ಸೇರುವ ಮುಂಚಿನ ವೈದ್ಯಕೀಯ ತಪಾಸಣೆಗೆಂದು ಹಾಸನದ ಆಸ್ಪತ್ರೆಯಲ್ಲಿ ನನ್ನ ಎದೆಯ ಎಕ್ಸರೇ ತೆಗೆದರು. ಬಲಗಡೆ ಹೆಚ್ಚು ಕಪ್ಪಾಗಿ ಕಂಡಿತು. ಶ್ವಾಸಕೋಶದ ಕಾಯಿಲೆ ಇರಬೇಕೆಂದು ಹೆದರಿಸಿದರು. ಕೊನೆಗೆ ಹಿರಿಯ ಡಾಕ್ಟರೊಬ್ಬರು ಎದೆ ಮುಟ್ಟಿ ನೋಡಿ, "ಶ್ವಾಸಕೋಶ ಚೆನ್ನಾಗಿದೆ. ಮೇಲಿನ ಸ್ನಾಯು ಇಲ್ಲ, ಅದಕ್ಕೇ ಹೀಗೆ ಕಾಣುತ್ತೆ. ಕೆಲವರಿಗೆ ತಾಯಿ ಹೊಟ್ಟೆಯಲ್ಲೇ ಅದು ಬೆಳೆದಿರೋಲ್ಲ, ಯಾರ ತಪ್ಪೂ ಅಲ್ಲ" ಎಂದರು.

ಅದನ್ನು ಹೇಳಲು ಊರಿಗೆ ಓಡಿದೆ. ರಾಗಿ ಕೇರುತ್ತಿದ್ದ ಅವ್ವ ಮುಖ ಎತ್ತಲಿಲ್ಲ. "ಅವ್ರು ನೋಡಿದ್ದು ಈಗ ಕಣ್ಲಾ. ಅವತ್ತು ನೀವಿದ್ದೋಳು ನಾನು" ಅಂದಳು. ರೇಗಿ ಕೂಗಾಡಿದೆ. ಅವಳು ಕೇರುತ್ತಲೇ ಇದ್ದಳು.

ಮದುವೆಯಾಗಿ ಮಗ ಹುಟ್ಟಿದಾಗ, ನೀನೇ ನೀರು ಹಾಕವ್ವ ಎಂದು ಅವಳ ಕಾಲು ಹಿಡಿದೆ. ಅವಳು ಬಚ್ಚಲ ಹೊಸಿಲು ದಾಟಲಿಲ್ಲ. ನನ್ನ ಅತ್ತೆ ನೀರು ಹಾಕಿ ಎತ್ತಿ ತಂದ ಕೂಸಿನ ಎದೆ ಎರಡೂ ಕಡೆ ತುಂಬಿಕೊಂಡಿತ್ತು. ಅವ್ವ ದೂರದಿಂದಲೇ ಅದನ್ನು ದಿಟ್ಟಿಸಿದಳು.

"ನೋಡ್ದಾ? ನಾನ್ ಮುಟ್ಲಿಲ್ಲ. ಅದ್ಕೇ ಸರ್ಯಾಗವ್ನೆ."