ಕಡಬು ಬಿದ್ದಲ್ಲಿಗೆ ಹೊಲ

ಕಡಬು ಎಷ್ಟು ಮೆತ್ತಗಿರಬೇಕೆಂಬ ವಿಷಯದಲ್ಲಿ ನಿಮ್ಮ ಮನೆಯ ಮತವೇನೋ ಕಾಣೆ. ಹಳಿಯಾಳದ ಕಡೆಯ ನಮ್ಮ ಮನೆಯಲ್ಲಂತೂ ಸೀಗಿ ಹುಣ್ಣಿಮೆಯ ಕಡಬು ಕಲ್ಲಿನಂತಿರಬೇಕು, ಯಾಕೆಂದರೆ ಅದು ದೂರ ಹೋಗಬೇಕು. ಅಂದು ಭೂಮಿತಾಯಿಗೆ ಉಣಿಸಲು ಹೊಲದಲ್ಲಿ ಹಬ್ಬದಡುಗೆಯ ಚರಗ ಚೆಲ್ಲುವ ಪದ್ಧತಿ ನಿಮಗೂ ಗೊತ್ತಿದ್ದೀತು. ಲೋಕವೆಲ್ಲ ಬದುವಿನೊಳಗೆ ಚೆಲ್ಲಿದರೆ, ನಮ್ಮ ದೊಡ್ಡಪ್ಪ ಬದುವಿನ ಮೇಲೆ ನಿಂತು "ಹುಲ್ಲುಲ್ಲಿಗ್ಯೋ" ಎಂದು ಹಬ್ಬದ ಕೂಗು ಹಾಕಿ ಕಡಬನ್ನು ಅಡವಿಯೊಳಕ್ಕೆ ಬೀಸಿ ಒಗೆಯುತ್ತಿದ್ದ. "ತಾಯಿ ಎಲ್ಲೀತನ ಉಣ್ತಾಳ, ಅಲ್ಲೀತನ ನಮ್ಮ ಹೊಲ" ಎಂಬುದು ಅವನ ಶಾಸ್ತ್ರ. ಮುಂದಿನ ಮಳೆಗಾಲಕ್ಕೆ ಅಲ್ಲಿಯ ಮತ್ತಿ, ಹೊನ್ನೆ ಮರಗಳು ಮಾಯವಾಗಿ ಗೋವಿನಜೋಳ ನಿಲ್ಲುತ್ತಿತ್ತು. ನೆಲೆ ತಪ್ಪಿದ ಆನೆಗಳು ಬಂದು ಅದನ್ನು ಮೆದ್ದರೆ, "ನಮ್ಮ ಹೊಲಕ್ಕ ನುಗ್ಗತಾವ, ನಾಚಿಕಿಲ್ಲದವು" ಎಂದು ಅವನೇ ಬೈಯುವನು.

ದುರಾಸೆ ಅನ್ನಬೇಡಿ. ಅಜ್ಜನಿಗೆ ಐದು ಗಂಡುಮಕ್ಕಳು, ಅವರಿಗೆ ಮತ್ತೆ ಮನೆತುಂಬ ಮಕ್ಕಳು. ತೊಟ್ಟಿಲು ಹೆಚ್ಚಿದಂತೆ ಹೊಲ ಹಿಗ್ಗಬೇಡವೇ? ಅಳಿಯನನ್ನು ಹುಡುಕುವಾಗಲೂ ನಮ್ಮವರು ಓದು ಕೇಳದೆ ತೋಳು ಹಿಡಿದು ನೋಡುತ್ತಿದ್ದರು.

ಅವ್ವನದೊಂದೇ ತಕರಾರು. ಅಡವಿಯ ನಡುವೆ ಒಂದು ಒರತೆ. ಮನೆಗೂ ದನಕ್ಕೂ ಅದೇ ನೀರು, ಹೊರುವವಳು ಅವಳೇ. "ಆ ಕಡೆ ಒಗೀಬ್ಯಾಡ್ರಿ ಭಾವಾರ, ಗಿಡ ಹ್ವಾದ್ರ ನೀರೂ ಹೋಗ್ತಾವ" ಎಂದು ವರ್ಷವೂ ಕೈಮುಗಿಯುವಳು. "ನೀರಿಗೇನ ಕಾಲ್ ಅದಾವೇನವಾ ತಂಗಿ?" ಎಂದು ದೊಡ್ಡಪ್ಪ ನಗುವನು.

ಹೋದ ವರ್ಷ ಅವನು ಒಗೆದ ಕಡಬು ಇನ್ನೂ ಗಾಳಿಯಲ್ಲಿತ್ತು, ಅತ್ತಣಿಂದ ಮತ್ತೊಂದು ಹಾರಿಬಂದು ಅವನ ತಲೆಗೆ ಸುತ್ತಿದ ಪಟಕಾಕ್ಕೆ ಬಡಿಯಿತು! "ಯಾವನಲೇ ಅವಾ?" ಎಂದು ಅಬ್ಬರಿಸಿದರೆ, ಉಳಿದ ನಾಲ್ಕೇ ಗಿಡಗಳ ಸಂದಿಯಿಂದ ಹಣೆ ಉಜ್ಜಿಕೊಳ್ಳುತ್ತ ಆಚೆ ಊರಿನ ಹಿರಿಯನೊಬ್ಬ ಹೊರಬಂದ. ಅವರದೂ ಅದೇ ಶಾಸ್ತ್ರವಂತೆ. ನಾನು ಚಿಕ್ಕವಳಿದ್ದಾಗ ಆ ಊರಿಗೆ ಅರ್ಧ ದಿನ ಅಡವಿ ನಡೆಯಬೇಕಿತ್ತು. ಈಗ ಅವರ ಒಗ್ಗರಣೆಗೆ ನಮಗೆ ಸೀನು ಬರುತ್ತದೆ. ಕಡಬು ಎರಡೂ ತಲೆಗೇ ಬಡಿದು ಭೂಮಿತಾಯಿಗೆ ಅಂದು ಉಪವಾಸ.

ಬಡಿದಾಡಿಯಾರೆಂದು ನಾವು ಹೆದರಿದರೆ, ಇಬ್ಬರೂ ಪರಸ್ಪರರ ಕಡಬಿನ ಗಟ್ಟಿತನ ಹೊಗಳಿ, ಬೀಗರಂತೆ ತಬ್ಬಿಕೊಂಡು, ಬುತ್ತಿ ಬಿಚ್ಚಿ ಎಲೆ ಹಾಸಿ ಕೂತರು. ಎರಡು ತುತ್ತಿಗೆ ದೊಡ್ಡಪ್ಪನಿಗೆ ಬಿಕ್ಕಳಿಕೆ ಹತ್ತಿತು. ನೀರು ತರಲು ಅವ್ವ ತಂಬಿಗೆ ಹಿಡಿದು ಒರತೆಗೆ ಓಡಿದಳು.

ಮಳೆ ನಿಂತು ತಿಂಗಳಾಗಿರಲಿಲ್ಲ. ಆದರೂ ಬೆಳಗಿನ ಎರಡು ಕೊಡಕ್ಕೇ ಒರತೆ ಬತ್ತಿ, ಅಲ್ಲಿದ್ದದ್ದು ಬರೀ ಕೆಸರು. ಅದನ್ನೇ ಬೊಗಸೆಯಲ್ಲಿ ತಂದು ಇಬ್ಬರ ಎಲೆಗೂ ಬಡಿಸಿದಳು.

"ಉಣ್ರಿ ಭಾವಾರ, ಇದೂ ನಿಮ್ಮ ಹೊಲಾನ" ಎಂದಳು, ಅಳುತ್ತಿದ್ದಳು.

ದೊಡ್ಡಪ್ಪನ ಬಿಕ್ಕಳಿಕೆ ಅಲ್ಲೇ ನಿಂತಿತು.