ತಂಗಿ ಹೇಳಿದ ಇಂಗ್ಲಿಷ್ ಪದ

ಕಲ್ಯಾಣದುರ್ಗಕ್ಕೆ ಗಂಡಿನ ಮನೆ ನೋಡಲು ತಂಗಿಯನ್ನೂ ಕರೆದುಕೊಂಡು ಹೋಗಿದ್ದೆ. "ಏನಮ್ಮಾ, ನಿಂಗೆ ಒಪ್ಗೇನಾ?" ಎಂದು ಗಂಡಿನ ತಾಯಿ ಅವಳನ್ನು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು, "ನಮ್ಮನೇಲಿ ನಾನು ಹೇಳಿದ್ರೆ ಮುಗೀತು ಬಿಡ್ರಮ್ಮಾ" ಎಂದು ನಕ್ಕು ತಾಂಬೂಲ ತೆಗೆದುಕೊಂಡೆ. ತೆಗೆದುಕೊಂಡರೆ ಮಾತು ಕೊಟ್ಟಂತೆ.

ತಂಗಿ ಇಂಗ್ಲಿಷ್ ಟೀಚರು. ಹಿಂದೂಪುರಕ್ಕೆ ಮರಳುವ ಬಸ್ಸಿನಲ್ಲಿ ಹೇಳಿದಳು: "ಡಾಮಿನೀರಿಂಗ್ ಅಂತ ಒಂದು ಪದ ಐತೆ ಕಣಣ್ಣ. ಬೇರೆಯೋರ ಬಾಯಿ ಮುಚ್ಚಿಸಿ ತಮ್ಮ ಮಾತೇ ನಡೆಸೋರಿಗೆ ಅಂತಾರೆ. ಕೆಟ್ಟೋರೇ ಆಗ್ಬೇಕಂತಿಲ್ಲ. ಒಳ್ಳೇದು ಮಾಡ್ತೀನಿ ಅನ್ನೋರ್ಗೂ ಅನ್ಬೋದು."

"ನಿಂಗೆ ಒಪ್ಗೆ ಇಲ್ವಾ?"

"ಇಲ್ಲ."

ಅವಳು ಅತ್ತಳೆಂದು ನೆನಪು ಹೇಳುತ್ತದೆ, ಅದನ್ನು ನಂಬಲು ನನಗಿಷ್ಟವಿಲ್ಲ. ಸಂಬಂಧ ಬೇಡವೆಂದು ತಿಳಿಸಲು ಜೇಬಿನಲ್ಲಿ ಫೋನಿತ್ತು, ಇನ್ನೂ ಎರಡು ಗಂಟೆಯ ದಾರಿಯಿತ್ತು. ನಾನು ಫೋನ್ ತೆಗೆಯಲಿಲ್ಲ.